ವಾಸನೆ ಇಲ್ಲದ ಪ್ಲೇಟು

ಪ್ರಯೋಗಾಲಯದ ತೊಳೆಯೋ ಕೋಣೆಯಿಂದ,
ಗುರುವಾರ, ಮಧ್ಯಾಹ್ನ ಊಟದ ಹೊತ್ತು

ಸಮುದ್ರದ ಮೇಲಿರೋ ನಮ್ಮ ಯಜಮಾನರಿಗೆ, ನೆಲದ ಮೇಲಿರೋ ಹೆಂಡತಿಯ ಪ್ರೀತಿಯ ನೆನಪುಗಳು.

ಹೇಗಿದ್ದೀರಿ? ಬೆನ್ನು ನೋವು ಹೇಗಿದೆ? ಎಣ್ಣೆ ಹಾರಿ ಸುಟ್ಟುಕೊಂಡ ಕೈ ವಾಸಿ ಆಯ್ತಾ, ಇಲ್ಲ ಪಟ್ಟಿ ಬಿಚ್ಚಿ ಹಾಕಿ ಈರುಳ್ಳಿ ಹೆಚ್ಚೋಕೆ ಕೂತಿದ್ದೀರಾ? ನಿಮ್ಮ ಬುದ್ಧಿ ನನಗೆ ಗೊತ್ತಿಲ್ವಾ! ಹಡಗಿನವರ ಹೊಟ್ಟೆ ಒಂದು ಹೊತ್ತು ಕಾದ್ರೆ ಯಾರೂ ಸಾಯಲ್ಲ. ಮುಲಾಮು ಹಚ್ಚಿ, ಕೈ ಒದ್ದೆ ಮಾಡಬೇಡಿ. ಅಲೆ ಜೋರಾದಾಗ ಪಾತ್ರೆಗಳನ್ನ ಕಂಬಿಗೆ ಕಟ್ಟಿ ಅಡುಗೆ ಮಾಡ್ತೀರಂತಲ್ಲ, ಅದನ್ನ ಓದಿ ನಿಮ್ಮ ಮಗಳು ಬಿದ್ದು ಬಿದ್ದು ನಕ್ಕಳು. ಅವಳು ಚೆನ್ನಾಗಿದ್ದಾಳೆ. ನಿಮ್ಮ ಅಮ್ಮನೂ ಚೆನ್ನಾಗಿದ್ದಾರೆ, ಮಂಡಿ ನೋವು ಇದ್ದದ್ದೇ, ನಾಲಿಗೆಗೆ ಮಾತ್ರ ಯಾವ ನೋವೂ ಇಲ್ಲ. ನಾನೂ ಇದ್ದೀನಿ. ನಿಮ್ಮ ಪತ್ರ ಬಂದು ಎಷ್ಟೋ ದಿನ ಆಯ್ತು, ಉತ್ತರ ಬರೆಯೋಕೆ ಕೂತಾಗೆಲ್ಲ ಪೆನ್ನು ಕೈಯಲ್ಲೇ ಇರುತ್ತೆ, ತಲೆ ಮೇಜಿನ ಮೇಲೆ ಬಿದ್ದಿರುತ್ತೆ. ಹಡಗಿನ ಫೋನಿಗೆ ಮಾತಾಡೋಣ ಅಂದ್ರೆ ಅದು ಇರೋದು ಕ್ಯಾಪ್ಟನ್ ಕೋಣೆಯಲ್ಲಿ. ಅಲ್ಲಿ ನಾಲ್ಕು ಜನರ ಎದುರು ನೀವು "ಹೂಂ, ಹೂಂ" ಅನ್ನೋದು ಬಿಟ್ಟು ಬೇರೆ ಮಾತೇ ಆಡಲ್ಲ. ನೀವು ಕೇಳಿರೋ ಪ್ರಶ್ನೆ ಹೂಂ ಅಂದು ಮುಗಿಸೋವಂಥದ್ದಲ್ಲ. ಇನ್ನೊಂದು ಸರದಿಗೆ ಸಹಿ ಹಾಕಿದ್ರೆ ಮುಖ್ಯ ಅಡುಗೆಯವರಾಗ್ತೀರಿ, ಹಾಕದಿದ್ರೆ ಮುಂದಿನ ಬಂದರಲ್ಲಿ ಇಳಿದು ಮನೆಗೆ ಬರಬಹುದು, "ನೀನು ಹೇಳಿದ ಹಾಗೆ" ಅಂತ ಬರೆದಿದ್ದೀರಿ. ಆಹಾ, ಎಲ್ಲ ನನ್ನ ತಲೆಗೇ ಕಟ್ಟಿಬಿಡಿ! ಆ ಬಂದರಿಗೆ ಹೋಗೋ ಟಪಾಲು ಇವತ್ತು ಸಂಜೆ ಹೊರಡುತ್ತೆ ಅಂತ ನಿಮ್ಮ ಕಂಪನಿ ಆಫೀಸಿನವರು ಬೆಳಿಗ್ಗೆ ಹೇಳಿದ್ರು. ಅದಕ್ಕೇ ಕೆಲಸದ ಮಧ್ಯೆ ಕೂತು ಬರೀತಿದ್ದೀನಿ. ನಿಮ್ಮ ಪ್ರಶ್ನೆಗೆ ಉತ್ತರ ಕೊನೆಗೆ ಹೇಳ್ತೀನಿ. ಮೊದಲು ಇಲ್ಲಿ ಆಗಿದ್ದನ್ನ ಕೇಳಿ. ಕೇಳಿ ಗಾಬರಿ ಆಗಬೇಡಿ.

ಈಗ ಕೂತಿರೋದು ಆಟೋಕ್ಲೇವ್ ಮುಂದೆ. ಗೊತ್ತಲ್ಲ, ನಿಮ್ಮ ಕುಕ್ಕರಿನ ದೊಡ್ಡಪ್ಪ. ನೀವು ಬೇಯಿಸಿದ್ದನ್ನ ಬಡಿಸ್ತೀರಿ, ನಾವು ಬೇಯಿಸಿದ್ದನ್ನ ಬಿಸಾಡ್ತೀವಿ, ಅಷ್ಟೇ ವ್ಯತ್ಯಾಸ. ರೋಗಾಣು ಬೆಳೆಸಿದ ಪ್ಲೇಟುಗಳು, ರಕ್ತದ ಕೊಳವೆಗಳು, ಕೋಳಿ ಕರುಳು, ಎಲ್ಲ ಇದರೊಳಗೆ ಬೆಂದು ಸತ್ತ ಮೇಲೇ ಕಟ್ಟಡದಿಂದ ಆಚೆ ಹೋಗಬೇಕು. ಇದರ ಮುಳ್ಳು ಕೆಳಗಿಳಿಯೋ ತನಕ ಇಲ್ಲಿಂದ ಯಾರೂ ಏಳೋ ಹಾಗಿಲ್ಲ, ಹಾಗಾಗಿ ಈ ಮುರುಕು ಸ್ಟೂಲು ನನಗೆ ಸಿಂಹಾಸನ. ಈ ಸಲ ಕೆಲಸ ಅಂದ್ರೆ ಕೆಲಸ. ಕೋಳಿ ಫಾರಂಗಳಲ್ಲಿ ಏನೋ ಕೆಮ್ಮು ಶುರುವಾಗಿದೆ, ದಿನಾ ಗೋಣಿಚೀಲದಲ್ಲಿ ಸತ್ತ ಕೋಳಿ ಬರುತ್ತೆ. ಅದರ ಜೊತೆ ಕುರಿ, ಹಂದಿ, ಯಾರದೋ ಮನೆ ಬೆಕ್ಕು. ಮೊನ್ನೆ ಒಬ್ಬ ಹೆಂಗಸು ಬಿಸ್ಕತ್ತಿನ ಡಬ್ಬದಲ್ಲಿ ಸತ್ತ ಗಿಳಿ ತಂದಿದ್ರು, ಡಬ್ಬದೊಳಗೆ ಹತ್ತಿ ಹಾಸಿ ಮಲಗಿಸಿದ್ರು. ಯಾವ ರೋಗ ಅಂತ ಗೊತ್ತಾಗೋದು ಬೇಡ, ನಾನು ಕೊಟ್ಟ ಹಣ್ಣಿನಿಂದ ಸತ್ತಿಲ್ಲ ಅಂತ ಹೇಳಿ ಸಾಕು ಅಂತ ಕೂತರು. ಕೊಯ್ಯೋ ಕೋಣೆಯ ಅಣ್ಣ ಇದ್ದಾರಲ್ಲ, ಯಾವ ಪ್ರಾಣಿ ಬಂದ್ರೂ ಕತ್ತಿ ಇಡೋ ಮೊದಲು "ಸ್ವಲ್ಪ ತಡ್ಕೋ" ಅಂತ ಅದಕ್ಕೆ ಹೇಳೋರು, ಅವರು ಆ ಗಿಳಿಯನ್ನ ಬಿಚ್ಚಿ ನೋಡಿ, ಹೊರಗೆ ಬಂದು, "ಹಣ್ಣಿನಿಂದಲ್ಲ ಅಮ್ಮಾ, ವಯಸ್ಸಾಗಿತ್ತು" ಅಂದ್ರು. ನಿಜ ಹೇಳಿದ್ರೋ ಸುಳ್ಳು ಹೇಳಿದ್ರೋ, ನಾನು ಕೇಳಲಿಲ್ಲ. ಖುಷಿಯಿಂದ ಈ ಬಾಗಿಲಿಗೆ ಬರೋರು ಯಾರೂ ಇಲ್ಲ ನೋಡಿ. ಬಂದವರಿಗೆಲ್ಲ ರಿಸಲ್ಟು ಇವತ್ತೇ ಬೇಕು. ರೋಗಾಣು ಬೆಳೆಯೋಕೆ ಹೊತ್ತು ಬೇಕು ಅಂದ್ರೆ ನಾವೇ ಬೇಕಂತ ತಡ ಮಾಡ್ತಿದ್ದೀವಿ ಅಂತ ಮುಖ ಊದಿಸ್ಕೋತಾರೆ. ಸಂಜೆ ಹೊತ್ತಿಗೆ ಕೈಕಾಲು ನನ್ನದೋ ಪಕ್ಕದ ಮನೆಯವರದೋ ಅನ್ನೋ ಹಾಗಾಗಿರುತ್ತೆ.

ನಮ್ಮ ಬ್ಯಾಕ್ಟೀರಿಯಾ ಕೋಣೆಯಲ್ಲಿ ಈಗ ಮೂರೇ ಜನ. ನಾನು, ಮೇಷ್ಟ್ರು, ಇನ್ನೊಬ್ಬಳು ಹೊಸದಾಗಿ ಸೇರಿದ ಹುಡುಗಿ. ಮೇಷ್ಟ್ರನ್ನ ನೀವು ನೋಡಿದ್ದೀರಿ, ನಮ್ಮ ಕೋಣೆಯ ಮುಖ್ಯಸ್ಥರು, ಪಾಠ ಮಾಡದೆ ಒಂದು ಲೋಟ ನೀರೂ ಕುಡಿಯಲ್ಲ, ಅದಕ್ಕೇ ಆ ಹೆಸರು. ಹುಡುಗಿಗೆ ಮೊನ್ನೆ ಮೊನ್ನೆ ಮದುವೆ ಆಗಿದೆ, ಗಂಡನ ಫೋನು ಬಂತು ಅಂದ್ರೆ ಕಾರಿಡಾರಿನ ತುದಿಗೆ ಓಡ್ತಾಳೆ, ವಾಪಸ್ ಬಂದಾಗ ಮುಖ ಕೆಂಪಗಿರುತ್ತೆ. ನಾವೂ ಹಾಗೇ ಇದ್ವಾ? ಇರಲಿಲ್ಲ ಬಿಡಿ, ನಿಮಗೆ ಹೂಂ ಬಿಟ್ಟು ಬೇರೇನು ಬರ್ತಿತ್ತು. ಮೇಷ್ಟ್ರ ಮೂಗಿನ ವಿಷಯ ನಿಮಗೆ ಹೇಳಿದ್ದೀನಿ. ಪ್ಲೇಟಿನ ಮುಚ್ಚಳ ಒಂದಿಷ್ಟು ಎತ್ತಿ, ಮೂಗಿನ ಹತ್ರ ತಂದು, ಕಣ್ಣು ಮುಚ್ಚಿ ಒಮ್ಮೆ ಎಳೆದ್ರು ಅಂದ್ರೆ ಯಾವ ರೋಗಾಣು ಅಂತ ಹೇಳಿಬಿಡ್ತಾರೆ. ಹುಳಿ ದ್ರಾಕ್ಷಿ ವಾಸನೆ ಬಂದ್ರೆ ಒಂದು, ಕೊಳೆತ ಮೀನಿನ ವಾಸನೆ ಬಂದ್ರೆ ಇನ್ನೊಂದು, ಮಳೆ ಬಿದ್ದ ನೆಲದ ವಾಸನೆ ಬಂದ್ರೆ ಮತ್ತೊಂದು. ಯಂತ್ರ ಮಾರನೇ ದಿನ ಹೇಳೋದನ್ನ ಅವರ ಮೂಗು ಇವತ್ತೇ ಹೇಳುತ್ತೆ. ನಮಗೂ ಅದನ್ನೇ ಕಲಿಸಿದ್ದು. ಮೂಸಬಾರದು ಅಂತ ಗೋಡೆ ಮೇಲೆ ಕೆಂಪಕ್ಷರದಲ್ಲಿ ಬರೆದಿದೆ, ಅದನ್ನ ಬರೆಸಿದ್ದೂ ಮೇಷ್ಟ್ರೇ, ಅದರ ಕೆಳಗೇ ನಿಂತು ಮೂಸೋದೂ ಮೇಷ್ಟ್ರೇ. ಅಪಾಯದ್ದು ಅಂತ ಗೊತ್ತಿರೋ ಪ್ಲೇಟನ್ನ ನಾವು ಗಾಜಿನ ಪೆಟ್ಟಿಗೆಯೊಳಗೇ ಬಿಚ್ಚೋದು, ಅದರಲ್ಲಿ ತಪ್ಪಿಲ್ಲ. ಸಾಧಾರಣದವನ್ನ ಮಾತ್ರ ಮೇಜಿನ ಮೇಲೆ. ನೀವು ಪಾತ್ರೆ ಮುಚ್ಚಳ ತೆಗೆದು ಉಪ್ಪು ಸಾಲದು ಅಂತ ವಾಸನೆಯಲ್ಲೇ ಹೇಳಲ್ವಾ, ಹಾಗೇ ಇದೂ. ಅಭ್ಯಾಸ. ಕೈ ತಾನಾಗೇ ಮೂಗಿನ ಹತ್ರ ಹೋಗುತ್ತೆ.

ಆಗಿದ್ದು ಇಷ್ಟು. ಹಿಂದಿನ ಪತ್ರ ನಿಮಗೆ ಹಾಕಿದ ಮೇಲೆ ಒಂದು ಡೈರಿಯಿಂದ ಐಸ್ ಪೆಟ್ಟಿಗೆಯಲ್ಲಿ ಹಾಲಿನ ಸ್ಯಾಂಪಲ್ ಬಂತು. ತಂದವನು "ಕೆಚ್ಚಲು ಬಾವು" ಅಂದ. ಕೆಚ್ಚಲು ಬಾವಿನ ಹಾಲು ನಮಗೆ ನಿತ್ಯದ ಕಥೆ, ಸಾಧಾರಣದ್ದು, ಪ್ಲೇಟಿಗೆ ಹಾಕಿ ಇನ್‌ಕ್ಯುಬೇಟರಿನ ಬೆಚ್ಚಗಿನ ಪೆಟ್ಟಿಗೆಯಲ್ಲಿ ಇಟ್ವಿ. ಮಾರನೇ ದಿನ ನೋಡಿದ್ರೆ ಏನೂ ಇಲ್ಲ. ಅದರ ಮಾರನೇ ದಿನವೂ ಇಲ್ಲ. ಬೇರೆಯವರಾಗಿದ್ರೆ ಬಿಸಾಡ್ತಿದ್ರು, ಮೇಷ್ಟ್ರು "ಸೋಮಾರಿ ರೋಗಾಣುಗಳೂ ಇರ್ತವೆ, ಇರಲಿ" ಅಂದ್ರು. ಆಮೇಲೆ ಒಂದು ದಿನ ನೋಡ್ತೀವಿ, ಪ್ಲೇಟಿನ ತುಂಬ ಸಣ್ಣ ಸಣ್ಣ ಚುಕ್ಕಿ, ಇಬ್ಬನಿ ಹಾಗೆ, ಬೆಳಕಿಗೆ ಹಿಡಿದ್ರೆ ಜೇನಿನ ಬಣ್ಣ. ಮೇಷ್ಟ್ರು ಮುಚ್ಚಳ ಎತ್ತಿ ಮೂಸಿದ್ರು. ಹುಬ್ಬು ಗಂಟು ಹಾಕಿದ್ರು. ಇನ್ನೊಂದು ಸಲ ಮೂಸಿದ್ರು. "ಇದಕ್ಕೆ ವಾಸನೆಯೇ ಇಲ್ಲವಲ್ಲೇ" ಅಂದ್ರು. ಅವರ ಮೂಗಿಗೆ ಹೀಗೆ ಅವಮಾನ ಆಗಿದ್ದು ನಾನು ನೋಡಿದ್ದೇ ಇಲ್ಲ. ನನ್ನ ಕೈಗೆ ಕೊಟ್ಟು, "ನಿನ್ನ ಮೂಗು ನನ್ನದಕ್ಕಿಂತ ಎಳೆಯದು, ನೋಡು" ಅಂದ್ರು. ನಾನು ಮೂಸಿದೆ. ಏನೂ ಇಲ್ಲ. ಏನೂ ಇಲ್ಲ ಅಂತ ಇನ್ನೂ ಹತ್ರ ತಂದು, ಎದೆ ತುಂಬ ಉಸಿರೆಳೆದು ಮೂಸಿದೆ. ಹುಡುಗಿಗೂ ಕೊಟ್ವಿ. ಅವಳು ಹೆದರುತ್ತಲೇ ಒಂಚೂರು ಮೂಸಿ "ನೀರಿನ ಹಾಗಿದೆ" ಅಂದಳು. ಅಲ್ರೀ, ವಾಸನೆ ಇದ್ದಿದ್ರೆ ಒಂದೇ ಸಲಕ್ಕೆ ಮುಖ ತಿರುಗಿಸಿ ಕೆಳಗಿಡ್ತಿದ್ವಿ. ವಾಸನೆ ಇಲ್ಲ ಅಂತಲೇ ಪ್ಲೇಟು ಕೈಯಿಂದ ಕೈಗೆ ಹೋಯ್ತು. ಬುದ್ಧಿ ಇರೋರು ಮಾಡೋ ಕೆಲಸವಾ ಇದು!

ಆಮೇಲೆ ಮೇಷ್ಟ್ರು ಒಂದು ಚುಕ್ಕಿ ತೆಗೆದು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನ ಮುಂದೆ ಕೂತರು. ಕೂತವರು ಏಳಲೇ ಇಲ್ಲ.  ನಾನು ಪ್ಲೇಟು ಹಿಡಿದೇ ನಿಂತಿದ್ದೆ. ಅವರು ಎದ್ದು ಬಂದು, ನನ್ನ ಕೈಯಿಂದ ಅದನ್ನ ಎರಡೂ ಕೈಯಲ್ಲಿ ಮೆತ್ತಗೆ ಇಸ್ಕೊಂಡು, ಗಾಜಿನ ಪೆಟ್ಟಿಗೆಯೊಳಗಿಟ್ಟು, "ಇಬ್ಬರೂ ಹೊರಗೆ ನಡೀರಿ" ಅಂದ್ರು.  ಡೈರಿಯವನಿಗೆ ಫೋನ್ ಹಚ್ಚಿ ಅವರು ಕೇಳಿದ್ದು ಒಂದೇ ಪ್ರಶ್ನೆ, "ನಿಮ್ಮ ಹಸುಗಳು ಕಂದು ಹಾಕ್ತಿದ್ದಾವಾ?" ಅವನು ಆರಾಮವಾಗಿ "ಹೌದಲ್ಲ, ಈ ಸಲ ಸುಮಾರು ಹಾಕಿದ್ವು, ನೀವು ಕೇಳಲಿಲ್ಲ, ನಾನು ಹೇಳಲಿಲ್ಲ" ಅಂದನಂತೆ. ಕಂದು ರೋಗ, ರೀ. ಗಬ್ಬದ ಹಸು ದಿನ ತುಂಬೋ ಮೊದಲೇ ಕರು ಇಳಿಸೋ ರೋಗ. ಹಸುವಿಗೆ ಅಷ್ಟೇ, ಮನುಷ್ಯರಿಗೆ ಹತ್ತಿದ್ರೆ ಬೇರೆ ಥರ. ಜ್ವರ ಬರುತ್ತೆ ಹೋಗುತ್ತೆ, ಮೈ ಬೆವರುತ್ತೆ, ಕೀಲು ಕೀಲು ನೋಯುತ್ತೆ, ಸುಮ್ಮನೆ ಬಿಟ್ರೆ ಬೆನ್ನುಮೂಳೆಯಲ್ಲೋ ಹೃದಯದಲ್ಲೋ ಮನೆ ಮಾಡ್ಕೊಂಡು ಕೂತುಬಿಡುತ್ತೆ. ಅದು ಹತ್ತೋಕೆ ಕಚ್ಚಬೇಕಾಗಿಲ್ಲ, ಗಾಯ ಆಗಬೇಕಾಗಿಲ್ಲ. ನಮ್ಮಂಥವರಿಗೆ ಹೆಚ್ಚಾಗಿ ಹತ್ತೋ ದಾರಿ ಮೂಗು. ನಾವು ಮೂವರೂ ಅದನ್ನ ಚೆನ್ನಾಗಿ ಎಳ್ಕೊಂಡಿದ್ವಿ.

ಆಸ್ಪತ್ರೆಗೆ ಹೋದ್ವಿ. ಅಲ್ಲಿ ಡಾಕ್ಟರಮ್ಮ ಬರ್ಕೋತಾ ಇದ್ದವರು ಪೆನ್ನು ನಿಲ್ಲಿಸಿ "ಮೂಸಿದ್ರಾ? ಯಾಕೆ ಮೂಸಿದ್ರಿ?" ಅಂತ ಕೇಳಿದ್ರು. ಮೂರು ಜನ ದೊಡ್ಡವರು ಬೆಂಚಿನ ಮೇಲೆ ಕೂತು ಒಬ್ಬರ ಮುಖ ಒಬ್ಬರು ನೋಡಿದ್ವಿ, ಸ್ಕೂಲಲ್ಲಿ ಸಿಕ್ಕಿಬಿದ್ದ ಮಕ್ಕಳ ಹಾಗೆ.  ಅವತ್ತು ತೆಗೆದ ರಕ್ತದಲ್ಲಿ ಮೂವರದೂ ಏನೂ ಇರಲಿಲ್ಲ, ಅಷ್ಟು ಬೇಗ ಗೊತ್ತೂ ಆಗಲ್ಲ. ರೋಗ ಬರದ ಹಾಗೆ ತಡೆಯೋಕೆ ಎರಡು ಥರ ಮಾತ್ರೆ ಕೊಟ್ರು. ಸಾಮಾನ್ಯವಾಗಿ ತಡೆಯುತ್ತೆ, ಆದರೂ ಕೆಲವು ವಾರ ಬಿಟ್ಟು ಮತ್ತೆ ರಕ್ತ ನೋಡಬೇಕು, ಆಗ ಗೊತ್ತಾಗೋದು ಅಂದ್ರು. ಆ ಮಾತ್ರೆಗಳೋ, ದೇವರೇ, ಹೊಟ್ಟೆಯೊಳಗೆ ಕಡೆಗೋಲು ಇಟ್ಟು ಕಡೆದ ಹಾಗೆ. ಒಂದು ಮಾತ್ರೆಗೆ ಮೂತ್ರ ಕಿತ್ತಳೆ ಬಣ್ಣ, ಬೆವರೂ ಕಿತ್ತಳೆ ಬಣ್ಣ, ನನ್ನ ರವಿಕೆಗಳೆಲ್ಲ ಕಲೆ. ನಿಮ್ಮ ಅಮ್ಮ ಬಟ್ಟೆ ಒಗೀವಾಗ ನೋಡಿ "ಏನೇ ಇದು, ಬಣ್ಣದ ನೀರಲ್ಲಿ ಸ್ನಾನ ಮಾಡ್ತೀಯಾ?" ಅಂದ್ರು. ಜೀವಸತ್ವದ ಮಾತ್ರೆ ಅಂದೆ. ನಾನೂ ಹುಡುಗಿಯೂ ಒಂದೂ ತಪ್ಪಿಸದೆ ನುಂಗಿದ್ವಿ. ಮೇಷ್ಟ್ರು ಮಾತ್ರ ಅರ್ಧಕ್ಕೇ ಬಿಟ್ರು. ಎದೆಯುರಿ ಅಂತೆ, ಈ ವಯಸ್ಸಲ್ಲಿ ಇದೆಲ್ಲ ಬೇಡವಂತೆ. ಮೂರು ದಿನಕ್ಕೊಂದು ಸಲ ನಾನು ಜಗಳ ಆಡ್ತೀನಿ, ಅವರು ಕಿವಿ ಕೇಳಿಸದವರ ಹಾಗೆ ಪ್ಲೇಟು ಎಣಿಸ್ತಾರೆ. ಹೆಂಡತಿ ಇಲ್ಲದ ಮನುಷ್ಯ, ಮಗ ಬೇರೆ ಮನೆ ಮಾಡಿದ್ದಾನೆ, ಮನೇಲಿ ಗದರಿಸಿ ನುಂಗಿಸೋರು ಯಾರು? ಈಗ ನೋಡಿದ್ರೆ ಬೆನ್ನು ಹಿಡ್ಕೊಂಡು ಏಳ್ತಾರೆ, ಮಧ್ಯಾಹ್ನ ಆದ್ರೆ ಹಣೆ ತುಂಬ ಬೆವರು. ಕೇಳಿದ್ರೆ ಸೆಕೆ ಅಂತಾರೆ. ಫ್ಯಾನು ತಲೆ ಮೇಲೇ ತಿರುಗ್ತಿರುತ್ತೆ! ಹತ್ತಿದ್ರೆ ಇವರಿಗೇ ಹತ್ತಿರೋದು ಅಂತ ಇಡೀ ಕಟ್ಟಡಕ್ಕೆ ಗೊತ್ತು. ಅವರಿಗೂ ಗೊತ್ತು. ಅದಕ್ಕೇ ರಕ್ತ ಕೊಡೋಕೆ ಇಷ್ಟು ದಿನ ಸತಾಯಿಸಿದ್ದು.

ಡೈರಿಯವನ ಕಥೆ ಇನ್ನೊಂದು. ಅವನ ಹಸುಗಳನ್ನೆಲ್ಲ ಪರೀಕ್ಷೆ ಮಾಡಿದ್ವಿ, ರೋಗ ಇದ್ದವನ್ನ ಸರ್ಕಾರದವರು ಬೇರೆ ಮಾಡಿ ತಗೊಂಡು ಹೋದ್ರು, ಅವು ತಿರುಗಿ ಬರಲ್ಲ. ರಿಪೋರ್ಟು ಇಸ್ಕೊಳ್ಳೋಕೆ ಬಂದವನು ನಮ್ಮ ಮೆಟ್ಟಿಲ ಮೇಲೆ ಕೂತುಬಿಟ್ಟ. ಅವನ ಮೇಲೆ ನನಗೆ ಎಷ್ಟು ಸಿಟ್ಟಿತ್ತು ಅಂದ್ರೆ, ಸಿಕ್ಕಿದ್ರೆ ಚಳಿ ಬಿಡಿಸಬೇಕು ಅಂತ ಮಾತೆಲ್ಲ ಜೋಡಿಸಿ ಇಟ್ಕೊಂಡಿದ್ದೆ. ಒಂದು ಮಾತು, ಕಂದು ಹಾಕ್ತಿವೆ ಅಂತ ಒಂದೇ ಒಂದು ಮಾತು ಮೊದಲೇ ಹೇಳಿದ್ರೆ ನಾವು ಆ ಪ್ಲೇಟನ್ನ ಮೇಜಿನ ಮೇಲೆ ಬಿಚ್ಚುತ್ತಲೇ ಇರಲಿಲ್ಲ. ಆದ್ರೆ ಅವನು ಕೂತಿದ್ದ ರೀತಿ ನೋಡಿ ಹತ್ರ ಹೋಗಿ ನಿಂತೆ. ಹಸುಗಳ ಹೆಸರು ಒಂದೊಂದಾಗಿ ಹೇಳ್ತಿದ್ದ, ನನಗೆ ಹೇಳ್ತಿದ್ದನೋ ತನಗೇ ಹೇಳ್ಕೋತಿದ್ದನೋ. "ನಿನಗೂ ಮನೆಯವರಿಗೂ ಜ್ವರ ಇದೆಯಾ, ಹಸಿ ಹಾಲು ಕುಡೀತೀರಾ" ಅಂತ ಕೇಳಿ ಆಸ್ಪತ್ರೆಗೆ ಕಳಿಸಿದೆ. ಬಯ್ಯೋಕೆ ನಿಂತವಳು ಚಹಾ ತರಿಸಿ ಕೊಟ್ಟು ಒಳಗೆ ಬಂದೆ. ಬಯ್ಯೋಕೂ ಶಕ್ತಿ ಬೇಕಲ್ಲ.

ಶಕ್ತಿಯದೇ ತೊಂದರೆ ಆಗಿದೆ ನೋಡಿ. ನಿಮ್ಮ ಹತ್ರ ಯಾಕೆ ಮುಚ್ಚಿಡಲಿ, ಸುಸ್ತೋ ಸುಸ್ತು. ಬೆಳಿಗ್ಗೆ ಏಳುವಾಗಲೇ ಇಡೀ ದಿನ ದುಡಿದು ಬಂದ ಹಾಗಿರುತ್ತೆ. ಮಗಳ ಜಡೆ ಹಾಕುವಾಗ ಕೈ ಎತ್ತಿದ್ರೆ ಭುಜ ನೋಯುತ್ತೆ, ನಡುವೆ ಒಮ್ಮೆ ಕೈ ಕೆಳಗಿಳಿಸಿ ಸುಧಾರಿಸ್ಕೋಬೇಕು, ಅವಳು "ಅಮ್ಮಾ, ಬಸ್ಸು ಹೋಗುತ್ತೆ" ಅಂತ ಕುಣೀತಾಳೆ. ದಿಂಬು ರಾತ್ರಿ ಬೆವರಿಗೆ ಒದ್ದೆ ಆಗಿರುತ್ತೆ. ನಿಮ್ಮ ಅಮ್ಮ ಅದಕ್ಕೆ ನನ್ನ ವಯಸ್ಸು ಕಾರಣ ಅಂತಾರೆ, "ನಮಗೂ ಹೀಗೇ ಆಗಿತ್ತು ಕಣೇ, ಮೈ ಬೆಂಕಿ" ಅಂತ ಶುರು ಮಾಡಿದ್ರೆ ಅರ್ಧ ಗಂಟೆ. ಇರಬಹುದು. ಮುಟ್ಟು ನಿಲ್ಲೋ ವಯಸ್ಸೇ ಅಲ್ವಾ ನನ್ನದು. ಇಷ್ಟು ಕೆಲಸ ಮಾಡಿದ್ರೆ ಎತ್ತಿಗೂ ಸುಸ್ತಾಗುತ್ತೆ, ನಾನು ಯಾವ ಲೆಕ್ಕ. ಹುಡುಗಿಯೂ ಸುಸ್ತು ಅಂತಾಳೆ, ಕೊಯ್ಯೋ ಅಣ್ಣನೂ ಸುಸ್ತು ಅಂತಾರೆ, ಆ ಅಣ್ಣನೇನು ಪ್ಲೇಟು ಮೂಸಿರಲಿಲ್ಲ. ಆದ್ರೂ ಒಂದೊಂದು ಸಲ ಮೆಟ್ಟಿಲ ಮಧ್ಯೆ ನಿಂತುಬಿಡ್ತೀನಿ, ಕಂಬಿ ಹಿಡ್ಕೊಂಡು. ಮೇಲೆ ಹೋಗೋಕೂ ಮನಸ್ಸಿಲ್ಲ, ಕೆಳಗಿಳಿಯೋಕೂ ಮನಸ್ಸಿಲ್ಲ. ಆಗ ನಿಮ್ಮ ಮೇಲೆ ಸುಮ್ಮಸುಮ್ಮನೆ ಸಿಟ್ಟು ಬರುತ್ತೆ. ಅಷ್ಟು ದೂರದಲ್ಲಿ ಯಾರಿಗೋ ಬಿಸಿಬಿಸಿ ಬಡಿಸ್ತಿದ್ದೀರಿ, ನಾನು ಇಲ್ಲಿ ಬೆಳಗಿನದ್ದು ಸಂಜೆ ತಿಂತೀನಿ ಅಂತ. ಯಾರಾದ್ರೂ ನೋಡಿದ್ರೆ ಬೂಟಿನ ಲೇಸು ಬಿಚ್ಚಿತ್ತು ಅಂತ ಬಗ್ಗಿ, ಕಟ್ಟೋ ಹಾಗೆ ಮಾಡಿ, ಹೊರಡ್ತೀನಿ. ಪ್ಲೇಟು ಮೂಸಿದ ವಿಷಯ ಮನೇಲಿ ಯಾರಿಗೂ ಗೊತ್ತಿಲ್ಲ. ಮಗಳಿಗೆ ಪರೀಕ್ಷೆ ಹತ್ರ ಬಂದಿದೆ, ನಿಮ್ಮ ಅಮ್ಮನಿಗೆ ಹೇಳಿದ್ರೆ ಬೀದಿಗೆಲ್ಲ ಗೊತ್ತಾಗುತ್ತೆ.

ಇವತ್ತು ರಕ್ತದ ದಿನ. ಆಸ್ಪತ್ರೆಯವರು ನಾಳೆ ತೆಗೀತಾರೆ, ಅವರ ರಿಪೋರ್ಟು ಬರೋಕೆ ವಾರ ಹಿಡಿಯುತ್ತೆ. ಮೇಷ್ಟ್ರು ನಿನ್ನೆ ಇದ್ದಕ್ಕಿದ್ದ ಹಾಗೆ "ನಾಡಿದ್ದಿನವರೆಗೆ ಯಾಕೆ ಕಾಯಬೇಕು, ನಮ್ಮ ಕಾರ್ಡಲ್ಲೇ ನೋಡ್ಕೊಂಡ್ರಾಯ್ತು" ಅಂದ್ರು. ನಮ್ಮ ಕಾರ್ಡು ಅಂದ್ರೆ ಹಸುಗಳದ್ದು, ರೀ! ಬಿಳಿ ಕಾರ್ಡಿನ ಮೇಲೆ ರಕ್ತದ ತಿಳಿ ಒಂದು ಹನಿ, ಪಕ್ಕದಲ್ಲಿ ಗುಲಾಬಿ ಬಣ್ಣದ ಔಷಧಿ ಒಂದು ಹನಿ, ಕಡ್ಡಿಯಲ್ಲಿ ಕಲಸಿ ಕಾರ್ಡನ್ನ ಕೈಯಲ್ಲಿ ಹಿಡಿದು ತೊಟ್ಟಿಲು ತೂಗಿದ ಹಾಗೆ ತೂಗೋದು. ರೋಗ ಇಲ್ಲದಿದ್ರೆ ಗುಲಾಬಿ ಬಣ್ಣ ನುಣ್ಣಗೆ ಹಾಗೇ ಇರುತ್ತೆ. ಇದ್ರೆ ನೋಡ್ತಾ ನೋಡ್ತಾ ಒಡೆದ ಹಾಲಿನ ಹಾಗೆ ಕಾಳುಕಾಳಾಗುತ್ತೆ. ಸಾವಿರಾರು ಹಸುಗಳಿಗೆ ಮಾಡಿದ್ದೀನಿ, ನಿದ್ದೆಯಲ್ಲೂ ಮಾಡ್ತೀನಿ. ಮನುಷ್ಯರಿಗೂ ನಡೆಯುತ್ತೆ, ರೋಗಾಣು ಒಂದೇ ಅಲ್ವಾ. ಬೆಳಿಗ್ಗೆ ಬಂದ ಕೂಡಲೇ ಒಬ್ಬರಿಗೊಬ್ಬರು ಚುಚ್ಚಿ ರಕ್ತ ತೆಗೆದ್ವಿ. ಹುಡುಗಿ ನನಗೆ ಚುಚ್ಚುವಾಗ "ಅಕ್ಕಾ, ಅಳಬೇಡಿ" ಅಂದಳು, ಕಣ್ಣಲ್ಲಿ ನೀರು ಇದ್ದದ್ದು ಅವಳಿಗೆ. ಮೇಷ್ಟ್ರು ಅಂಗಿ ತೋಳು ಮಡಚಿ ತಾವೇ ಕೈ ಮುಂದೆ ಚಾಚಿದ್ರು. ನನಗೆ ಅವರನ್ನ ನೋಡೋಕೆ ಆಗಲಿಲ್ಲ. ಇಷ್ಟು ವರ್ಷ ಕಲಿಸಿದ ಮನುಷ್ಯ, ಅವರ ಹನಿ ಒಡೆಯೋದನ್ನ ನಾನು ನಿಂತು ನೋಡಬೇಕಲ್ಲ. ಈ ಆಟೋಕ್ಲೇವ್ ಆದ ಮೇಲೆ ಮಾಡೋದು ಅಂತ ಆಗಿದೆ. ಮುಳ್ಳು ಇಳೀತಾ ಬಂತು.

ಇನ್ನು ನಿಮ್ಮ ಪ್ರಶ್ನೆ. ಸಹಿ ಹಾಕಿ. ಎಷ್ಟು ವರ್ಷದಿಂದ ಇನ್ನೊಬ್ಬರ ಕೈಕೆಳಗೆ ಹೆಚ್ಚಿ ಕೊಟ್ಟು, ತೊಳೆದು ಕೊಟ್ಟು, ಬಯ್ಸಿಕೊಂಡಿದ್ದೀರಿ, ಈಗ ಸೌಟು ನಿಮ್ಮ ಕೈಗೆ ಬರುತ್ತೆ ಅಂದ್ರೆ ನಾನು ಬೇಡ ಅನ್ನಲಾ? ಇಲ್ಲಿ ಎಲ್ಲ ಹೇಗೋ ನಡೀತಿದೆ. ನಿಮ್ಮ ಅಮ್ಮ ಇದ್ದಾರೆ, ಮಗಳು ದೊಡ್ಡವಳಾಗ್ತಿದ್ದಾಳೆ, ನಾನು ಗಟ್ಟಿ ಜೀವ. ನೀವು ಬಂದು ಏನು ಮಾಡ್ತೀರಿ, ಎರಡು ದಿನ ಅಡುಗೆಮನೆಯಲ್ಲಿ ನನ್ನ ಡಬ್ಬಗಳನ್ನೆಲ್ಲ ಜಾಗ ಬದಲಾಯಿಸ್ತೀರಿ, ಮೂರನೇ ದಿನ ಕಿಟಕಿ ಹತ್ರ ಕೂತು ನಿಟ್ಟುಸಿರು ಬಿಡ್ತೀರಿ. ನಾನು ನೋಡಿಲ್ವಾ ಅದನ್ನ. ಹಾಗಾಗಿ ಮನಸ್ಸಿಗೆ ಹಚ್ಕೋಬೇಡಿ, ಧೈರ್ಯವಾಗಿ ಸಹಿ ಹಾಕಿ.

ಮಗಳು ಮುತ್ತು ಕಳಿಸಿದ್ದಾಳೆ, ಚಿಪ್ಪು ಸಿಕ್ಕಿದ್ರೆ ತರಬೇಕಂತೆ, ಒಡೆದದ್ದು ಬೇಡವಂತೆ. ನಿಮ್ಮ ಅಮ್ಮ ಆಶೀರ್ವಾದ ಹೇಳಿದ್ದಾರೆ, ತಲೆ ಒರೆಸಿಕೊಳ್ಳದೆ ಗಾಳಿಗೆ ನಿಲ್ಲಬಾರದು ಅಂತಲೂ ಹೇಳಿದ್ದಾರೆ. ಕೊಯ್ಯೋ ಅಣ್ಣ ಕೇಳಿದ್ರು ಅಂತ ಹೇಳಬೇಕಂತೆ. ಕೈ ಜೋಪಾನ, ಬೆನ್ನು ಜೋಪಾನ. ಹೊತ್ತು ಹೊತ್ತಿಗೆ ನೀವೂ ತಿನ್ನಿ, ಬಡಿಸೋದೇ ಆಯ್ತು ನಿಮ್ಮದು.

ಯಾವಾಗಲೂ ನಿಮ್ಮವಳೇ ಆದ,
ಮನೆಯಾಕೆ

ಮರೆತ ಮಾತು: ಟಪಾಲು ಒಯ್ಯೋ ಡ್ರೈವರು ಹೊರಗೆ ಹಾರ್ನ್ ಹೊಡೀತಿದ್ದಾನೆ, ಲಕೋಟೆ ಅಂಟಿಸಿದ್ದನ್ನ ಕಿತ್ತು ಬರೀತಿದ್ದೀನಿ, ಅಕ್ಷರ ಹೇಗಿದ್ರೂ ಓದ್ಕೊಳ್ಳಿ. ಕಾರ್ಡು ಆಯ್ತು. ತೂಗಿದ್ದು ಮೇಷ್ಟ್ರು. ಹುಡುಗಿಯದು ನುಣ್ಣಗಿದೆ, ದೇವರು ದೊಡ್ಡವನು. ಮೇಷ್ಟ್ರದೂ ನುಣ್ಣಗಿದೆ. ಒಡೆದದ್ದು ನನ್ನದು, ರೀ. ಪೂರ್ತಿ ತೂಗೋ ಮೊದಲೇ ಒಡೀತು. ಅವರು ನಂಬದೆ ಹೊಸ ಬಾಟಲಿ ಬಿಚ್ಚಿ ಇನ್ನೊಂದು ಕಾರ್ಡಲ್ಲಿ ಮಾಡಿದ್ರು, ಅದೂ ಒಡೀತು. ಆಮೇಲೆ ತಮ್ಮ ಹನಿಯನ್ನೇ ಮತ್ತೆ ಮಾಡಿದ್ರು, ಅದು ಮತ್ತೆ ನುಣ್ಣಗೆ. "ಇದು ನನಗೆ ಬರಬೇಕಿತ್ತು" ಅಂತ ಕಾರ್ಡು ಹಿಡಿದು ಕೂತೇ ಇದ್ದಾರೆ, ಆ ಹುಡುಗಿ ಅವರ ಬೆನ್ನು ಸವರ್ತಿದ್ದಾಳೆ. "ನಿಮ್ಮ ಮೂಗಿಗೆ ವಯಸ್ಸಾಗಿತ್ತು ಮೇಷ್ಟ್ರೇ, ಸರಿಯಾಗಿ ಎಳೆಯಲಿಲ್ಲ" ಅಂತ ತಮಾಷೆ ಮಾಡಿದೆ, ಯಾರೂ ನಗಲಿಲ್ಲ. ನೀವು ಹೆದರಬೇಡಿ. ಇದು ಸಾಯೋ ಕಾಯಿಲೆ ಅಲ್ಲ, ಔಷಧಿ ಇದೆ, ಈ ಸಲ ಜಾಸ್ತಿ ದಿನ ನುಂಗಬೇಕು ಅಷ್ಟೇ, ನಾಳೆಯೇ ಆಸ್ಪತ್ರೆಗೆ ಹೋಗ್ತೀನಿ. ಮೇಲೆ ಸಹಿ ಹಾಕಿ ಅಂತ ಬರೆದಿದ್ದೀನಲ್ಲ, ಅದನ್ನ ಹೊಡೆದು ಹಾಕೋಕೂ ಹೊತ್ತಿಲ್ಲ. ಹಾಕಬೇಡಿ. ಕಾಯಿಲೆ ನೋಡ್ಕೊಳ್ಳೋಕೆ ಅಂತ ಬೇಡ, ಅದನ್ನ ಮಾತ್ರೆ ನೋಡ್ಕೊಳ್ಳುತ್ತೆ. ನೀವು ಬಂದು ಡಬ್ಬಗಳನ್ನೆಲ್ಲ ಎಲ್ಲಿ ಬೇಕಾದ್ರೂ ಇಡಿ. ನಾನು ಒಂದು ಸಲ ಕೂತು, ಆಗ್ತಿಲ್ಲ ಅಂತ ಯಾರ ಹತ್ರನಾದ್ರೂ ಬಾಯಿ ಬಿಟ್ಟು ಹೇಳಬೇಕು. ಅದನ್ನ ಇಲ್ಲಿ ಯಾರಿಗೂ ಹೇಳೋ ಹಾಗಿಲ್ಲ. ನನ್ನ ಕೈಲಿ ಆಗ್ತಿಲ್ಲ ರೀ, ಬಂದುಬಿಡಿ.